ಸ್ವಲ್ಪ ಕಡಿಮೆ ಸಹಾಯ ಮಾಡುವ ಕೆಲಸ

ಬೇಸಿಗೆ ರಜೆಗೆ ಮಂಡ್ಯಕ್ಕೆ ಬಂದಾಗಲೆಲ್ಲ ಗುತ್ತಲು ರಸ್ತೆಯ ನಮ್ಮ ಮನೆಗೆ ಬಂದವರು ತಪ್ಪದೆ ಕೇಳುತ್ತಾರೆ. "ಇಂಗ್ಲೆಂಡಲ್ಲಿ ಸ್ಕೂಲಲ್ಲಿ ಕೆಲ್ಸ ಅಂತಲ್ಲವ್ವ, ಮಿಸ್ಸಾ ನೀನು?" ಮಿಸ್‌ಗೆ ಸಹಾಯಕಿ ಅನ್ನುತ್ತೇನೆ. "ಓ, ಆಯಾನಾ?" ಅಲ್ಲಿಗೆ ಆ ಮಾತು ಮುಗಿದು ಕಾಫಿ ಶುರುವಾಗುತ್ತದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸದ ಹೆಸರು ಟೀಚಿಂಗ್ ಅಸಿಸ್ಟೆಂಟ್. ಐದಾರು ವರ್ಷದ ಮಕ್ಕಳ ಕ್ಲಾಸು. ಆ ವಯಸ್ಸಿನವರ ತರಗತಿಯಲ್ಲಿ ಒಬ್ಬ ಟೀಚರಿಗೆ 30ಕ್ಕಿಂತ ಜಾಸ್ತಿ ಮಕ್ಕಳಿರಬಾರದು ಅಂತ ಇಂಗ್ಲೆಂಡಿನಲ್ಲಿ ಕಾನೂನಿದೆ. ಅವರಲ್ಲಿ ಕೆಲವರಿಗೆ ಆಟಿಸಂ (ಬೇರೆಯವರ ಜೊತೆ ಬೆರೆಯಲು, ಮಾತಾಡಲು ಕಷ್ಟವಾಗುವ ಸ್ಥಿತಿ), ಕೆಲವರಿಗೆ ಮಾತು ತಡ, ಒಬ್ಬಿಬ್ಬರಿಗೆ ಎರಡು ನಿಮಿಷ ಕೂತಲ್ಲಿ ಕೂರಲಾಗದು. ಎಲ್ಲರೂ ಒಂದೇ ಕ್ಲಾಸಿನಲ್ಲಿ ಕಲಿಯುತ್ತಾರೆ. ನಾನು ಈ ಮಕ್ಕಳ ಹತ್ತಿರ ಇರುತ್ತೇನೆ.

ಹತ್ತಿರ ಇದ್ದು ಎಷ್ಟು ಮಾಡಿಕೊಡಬೇಕು ಅನ್ನುವುದೇ ಈ ಕೆಲಸದ ಕಷ್ಟ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನವರು ವರ್ಷಗಟ್ಟಲೆ ಶಾಲೆಗಳನ್ನು ನೋಡಿ 2009ರಲ್ಲಿ ಒಂದು ವರದಿ ಕೊಟ್ಟರು. ನಮ್ಮಂಥವರ ನೆರವು ಹೆಚ್ಚು ಸಿಕ್ಕ ಮಕ್ಕಳು, ಅಂಥದ್ದೇ ತೊಂದರೆಯಿದ್ದು ಕಡಿಮೆ ನೆರವು ಸಿಕ್ಕವರಿಗಿಂತ ಕಲಿಕೆಯಲ್ಲಿ ಹಿಂದಿದ್ದರು. ಸಹಾಯಕರೇನೂ ಸೋಮಾರಿಗಳಲ್ಲ, ಪಾಪ. ಅತಿಯಾಗಿ ಮಾಡಿಬಿಡುತ್ತಿದ್ದರು. ಮಗು ಯೋಚಿಸುವ ಮೊದಲೇ ಕಿವಿಯಲ್ಲಿ ಉತ್ತರ ಹೇಳುವುದು, ಹಾಳೆ ತುಂಬಿದರೆ ಸಾಕು ಅಂತ ಕೈ ಹಿಡಿದು ಬರೆಸುವುದು. ಇತ್ತ ಟೀಚರಿಗೆ, ಅವನ ಜೊತೆ ಒಬ್ಬರಿದ್ದಾರಲ್ಲ ಅನ್ನುವ ನೆಮ್ಮದಿ. ಆ ಮಗುವಿನ ಹತ್ತಿರ ಬರುವುದೇ ಕಡಿಮೆಯಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಚಳಿಗಾಲದಲ್ಲಿ ಆಟಕ್ಕೆ ಬಿಟ್ಟಾಗ ಎಲ್ಲರೂ ಕೋಟು ಹಾಕಿಕೊಂಡೇ ಹೊರಗೆ ಹೋಗಬೇಕು. ನಮ್ಮ ಒಬ್ಬ ಹುಡುಗನಿಗೆ ಜಿಪ್ ಹಾಕಲು ಬರುತ್ತಿರಲಿಲ್ಲ. ಕೆಳಗಿನ ತುದಿ ಸೇರಿಸಿ, ಎದೆಯ ತನಕ ಎಳೆಯುವುದು ನನ್ನ ಪಾಲು. ಮೇಲಿನ ನಾಲ್ಕು ಬೆರಳಷ್ಟು ಅವನದು. ಅದು ಬಂದ ಮೇಲೆ ನಾನು ಹೊಟ್ಟೆಯ ಹತ್ತಿರವೇ ನಿಲ್ಲಿಸಿದೆ. ಆಮೇಲೆ ತುದಿ ಸೇರಿಸುವುದಷ್ಟೇ ಉಳಿಯಿತು. ಹೀಗೆ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿದರೆ, ಕೆಲಸ ಮುಗಿಸಿದ ಖುಷಿ ಮೊದಲ ದಿನದಿಂದಲೂ ಮಗುವಿಗೇ ಸಿಗುತ್ತದೆ. ಪ್ರಶ್ನೆ ಕೇಳುವಾಗಲೂ ಅಷ್ಟೇ. ಕೇಳಿ, ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ, ಆಮೇಲೆ ಬೇಕಿದ್ದರೆ ಮತ್ತೆ ಅದೇ ಮಾತಿನಲ್ಲಿ ಕೇಳಬೇಕು. ಮಾತು ಬದಲಿಸಿದರೆ ಮಗು ಮತ್ತೆ ಮೊದಲಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಸುಮ್ನೆ ಹತ್ತು ಎಣಿಸುವುದು ಮಂಡ್ಯದವರಿಗೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನಾವು ಪ್ರೀತಿ ತೋರಿಸುವುದೇ ನಡುವೆ ಕೈ ಹಾಕಿ.

ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಐದು ವರ್ಷದ ಮೊಮ್ಮಗ ಇದ್ದಾನೆ. ಮಾತು ಇನ್ನೂ ಒಂದೊಂದೇ ಪದ. ಅವನು ನೋಡಿದ ಕಡೆಗೆ ಅಜ್ಜಿಯ ಕೈ ಹೋಗುತ್ತದೆ, ಕೇಳುವ ಅವಶ್ಯಕತೆಯೇ ಇಲ್ಲ. ಊಟವೂ ಅಜ್ಜಿಯ ಕೈಯಿಂದಲೇ. ನಾನು ಹೇಳಿದೆ, "ಅಜ್ಜಿ, ಮುದ್ದೆ ನೀವೇ ಮುರೀರಿ, ಸಾರಲ್ಲಿ ಅದ್ದಿ ತಟ್ಟೆ ಅಂಚಿಗೆ ಇಡಿ. ಬಾಯಿಗೆ ಹಾಕ್ಕೊಳ್ಳೋದು ಮಾತ್ರ ಅವನಿಗೆ ಬಿಡಿ." ಅಜ್ಜಿ ನಕ್ಕುಬಿಟ್ಟರು. "ತುಂಬ್ತು ಬುಡವ್ವ ಅವನ ಹೊಟ್ಟೆ!"

ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಅತ್ತಿಗೆ ನನ್ನನ್ನೇ ತಮಾಷೆ ಮಾಡಿದರು. ಅವರು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. "ಇದನ್ನ ಕಲಿಯೋಕೆ ನೀನು ಇಂಗ್ಲೆಂಡಿಗೆ ಹೋಗ್ಬೇಕಿತ್ತಾ?" ಮಾತು ಸರಿಯಾಗಿಯೇ ಇತ್ತು. 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಕಲಿಸುವ ಪದ್ಧತಿ ನಲಿ-ಕಲಿ. ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಅನ್ನುತ್ತಾರೆ. ಒಂದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದರಲ್ಲಿ ಸ್ವಲ್ಪ ಸಹಾಯ, ಆಮೇಲೆ ಗೆಳೆಯರ ಸಹಾಯ, ಅದೂ ಕಡಿಮೆಯಾಗಿ ಕೊನೆಗೆ ತಾನೇ ಕಲಿಯುವ ತಟ್ಟೆ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಸಹಾಯ ಹಂತಹಂತವಾಗಿ ಹಿಂದಕ್ಕೆ ಸರಿಯಬೇಕು ಅಂತ ನಮಗೆ ಇಂಗ್ಲೆಂಡಿನ ತರಬೇತಿಯಲ್ಲಿ ಹೇಳುವುದೂ ಇದೇ. ಅತ್ತಿಗೆ ಇನ್ನೊಂದು ಮಾತು ಸೇರಿಸಿದರು: "ಆದ್ರೆ ಮೂರು ಕ್ಲಾಸು ಒಟ್ಟಿಗೆ, ನಾನೊಬ್ಬಳೇ. ಹತ್ತು ಎಣಿಸೋಷ್ಟರಲ್ಲಿ ಇನ್ನಿಬ್ಬರು ಜಗಳ ಆಡಿರ್ತಾರೆ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಚಿತ್ರದ ಕಾರ್ಡುಗಳೂ ಅತ್ತಿಗೆಗೆ ಹೊಸದಲ್ಲ. ಇಂಗ್ಲೆಂಡಿನ ನಮ್ಮ ಕ್ಲಾಸಿನ ಗೋಡೆಯಲ್ಲಿ ಇಡೀ ದಿನದ ಕೆಲಸ ಚಿತ್ರದಲ್ಲಿ ಸಾಲಾಗಿ ಇರುತ್ತದೆ. ಲೆಕ್ಕ, ಹಾಲು, ಆಟ, ಕತೆ, ಮನೆ. ಒಂದು ಮುಗಿದರೆ ಮಗುವೇ ಆ ಕಾರ್ಡು ಕಿತ್ತು 'ಮುಗೀತು' ಚೀಲಕ್ಕೆ ಹಾಕುತ್ತದೆ. ಮುಂದೇನು ಅಂತ ಗೊತ್ತಿಲ್ಲದ ದಿಗಿಲಿಗೇ ಎಷ್ಟೋ ಮಕ್ಕಳು ಕಿರುಚುವುದು. ಅದನ್ನು ಹಟ ಅಂತ ನಾವು ಬೈಯುತ್ತೇವೆ.

ಇನ್ನು ಭಾಷೆಯ ವಿಚಾರ. ನನಗೆ ಸಿಟ್ಟು ಬರುವುದು ಇಲ್ಲೇ. ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ, ಮಗುವಿಗೆ ಮಾತು ತಡವಾದರೆ ಮೊದಲು ನಿಲ್ಲಿಸುವುದು ಕನ್ನಡವನ್ನು. ಮಂಡ್ಯದಲ್ಲೂ ಹಾಗೇ ಆಗಿದೆ. ಕಾನ್ವೆಂಟಿನವರು ಹೇಳಿದರು ಅಂತ ತಾಯಿ ಮಗುವಿಗೆ "ಕಮ್, ಸಿಟ್, ವಾಟರ್" ಅನ್ನುತ್ತಾಳೆ. ಆಮೇಲೆ? ಆಮೇಲೆ ಅವಳಿಗೂ ಇಂಗ್ಲಿಷ್ ಮುಗಿಯಿತು, ಮನೆ ಮೌನ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಅಪ್ಪ ಅಮ್ಮ ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಲಿ ಅಂತಲೇ ಮಾತಿನ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿಸ್ಟುಗಳು ಹೇಳುವುದು.

ಇಂಗ್ಲೆಂಡ್ ಸ್ವರ್ಗ ಅಂದುಕೊಳ್ಳಬೇಡಿ. ಹೆಚ್ಚು ನೆರವು ಬೇಕಾದ ಮಗುವಿಗೆ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಒಂದು ಯೋಜನೆ ಬರೆದುಕೊಡಬೇಕು, ಅರ್ಜಿ ಹಾಕಿದ 20 ವಾರದೊಳಗೆ. ಇತ್ತೀಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಸಮಯಕ್ಕೆ ಬರುತ್ತಿವೆ. ಕೌನ್ಸಿಲ್ ಆಗಲ್ಲ ಅಂದರೆ ಅಪ್ಪ ಅಮ್ಮಂದಿರು ಇಂಥ ತಕರಾರು ಕೇಳುವ ಟ್ರಿಬ್ಯುನಲ್‌ಗೆ ಹೋಗುತ್ತಾರೆ. ತೀರ್ಪಿನ ತನಕ ಹೋದ ಬಹುಪಾಲು ಕೇಸುಗಳಲ್ಲಿ ಅವರೇ ಗೆಲ್ಲುತ್ತಾರೆ, ಆದರೆ ಅಷ್ಟರಲ್ಲಿ ಹೈರಾಣಾಗಿರುತ್ತಾರೆ. ನಮ್ಮ ಸಂಬಳದ ಮಾತು ಬೇಡ ಬಿಡಿ.

ಅಲ್ಲಿನ ಒಂದು ನಿಯಮ ಮಾತ್ರ ನನಗೆ ತುಂಬಾ ಇಷ್ಟ. ಶಾಲೆಯಲ್ಲಿ ನೆರವು ಶುರುಮಾಡಲು ಡಾಕ್ಟರ ಚೀಟಿ ಬೇಕಿಲ್ಲ. ಮಗುವಿಗೆ ಕಷ್ಟವಾಗುತ್ತಿದೆ ಅಂತ ಕಂಡರೆ ಸಾಕು. ಊರಲ್ಲಿ "ಅವರಪ್ಪನೂ ತಡವಾಗೇ ಮಾತಾಡಿದ್ದು ಕಣವ್ವ" ಅಂತ ಎರಡು ವರ್ಷ ಕಳೆದುಬಿಡುತ್ತದೆ. ಕಾನೂನು ನಮ್ಮಲ್ಲೂ ಬದಲಾಗಿದೆ. 1995ರ ಕಾಯ್ದೆಯ ಪಟ್ಟಿಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಯಿತು. ಆಟಿಸಂ, ಓದು ಬರಹದ ತೊಂದರೆಗಳು ಆಗ ಸೇರಿದವು. ಸರ್ಕಾರಿ ಶಾಲೆಯವರಾದರೆ ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ಇಂಥ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಶುರುವಾದ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಅಪ್ಪ ಅಮ್ಮಂದಿರು ಅಲ್ಲಿಗೆ ಬರುತ್ತಾರೆ. ಮಂಡ್ಯದವರಿಗೆ ಅದು ರೈಲಿನಲ್ಲಿ ಹತ್ತಿರದ ದಾರಿ.

ಪಕ್ಕದ ಮನೆ ಹುಡುಗನ ತಾಯಿಗೂ ಇದನ್ನೇ ಹೇಳಿದೆ. "ಹೋಗ್ಬೋದು ಅಕ್ಕ, ಆದ್ರೆ ನಮ್ಮತ್ತೆ ಒಪ್ಪಲ್ಲ. ನನ್ನ ಮೊಮ್ಮಗನಿಗೆ ಏನಾಗಿದೆ ಅಂತ ಗಲಾಟೆ ಮಾಡ್ತಾರೆ" ಅಂದಳು. ಕಿವಿ ತೋರಿಸಿಕೊಂಡು ಬರ್ತೀವಿ ಅಂತ ಹೇಳು ಅಂದೆ. ಅದು ಸುಳ್ಳೂ ಅಲ್ಲ. ಮಾತು ತಡವಾದ ಮಗುವಿಗೆ ಮೊದಲು ನೋಡಬೇಕಾದ್ದೇ ಕಿವಿ.