ಇಷ್ಟು ಚೆನ್ನಾಗಿದ್ದ ಫ್ರೀಲ್ಯಾಂಡರ್ ಯಾಕೆ ನಿಂತುಹೋಯ್ತು?

ಪುಣೆಯ ನಿಗಡಿಯಲ್ಲಿ ನಮ್ಮ ಸೊಸೈಟಿ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಒಂದು ಸುತ್ತು ಹಾಕುತ್ತಾರೆ. ಮೊನ್ನೆ ಹುಬ್ಬಳ್ಳಿಯಿಂದ ಬಂದ ನೆಂಟರೂ ಅದನ್ನೇ ಕೇಳಿದರು: "ಇಷ್ಟ ಚಲೋ ಗಾಡಿ ಐತಿ, ಮತ್ತ ಯಾಕ ಬಂದ್ ಮಾಡಿದ್ರು?" ನನ್ನದು 2012ರ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್ 2. ಸೆಕೆಂಡ್ ಹ್ಯಾಂಡ್, ಸುಳ್ಳು ಯಾಕೆ.

ಯಾರೂ ಕೊಳ್ಳಲಿಲ್ಲ ಅಂತ ನಿಲ್ಲಿಸಿದ್ದಲ್ಲ. 1997ರಲ್ಲಿ ಬಂದ ಮೊದಲ ಫ್ರೀಲ್ಯಾಂಡರ್ ಕೆಲವು ವರ್ಷ ಯುರೋಪಿನಲ್ಲೇ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ. ಕಡಿದಾದ ದಾರಿಯಲ್ಲಿ ನಿಧಾನವಾಗಿ, ಜಾಸ್ತಿ ಬಲದಿಂದ ಹೋಗಲು ದೊಡ್ಡ ಜೀಪುಗಳಲ್ಲಿರುವ ಪ್ರತ್ಯೇಕ ಲೋ ಗೇರ್ ಇದಕ್ಕಿರಲಿಲ್ಲ. ಅದರ ಬದಲು ಹಿಲ್ ಡಿಸೆಂಟ್ ಕಂಟ್ರೋಲ್ ಕೊಟ್ಟರು. ಇಳಿಜಾರಿನಲ್ಲಿ ಎಬಿಎಸ್ (ಚಕ್ರ ಕಟ್ಟಿಹೋಗದಂತೆ ಬ್ರೇಕ್ ಸಂಭಾಳಿಸುವ ವ್ಯವಸ್ಥೆ) ತಾನೇ ಬ್ರೇಕ್ ಹಿಡಿದು ಬಿಡುತ್ತಾ ಗಾಡಿಯನ್ನು ಇಳಿಸುತ್ತದೆ. ನನ್ನ ಗಾಡಿಯಲ್ಲೂ ಅದಿದೆ. ಕಳೆದ ಮಳೆಗಾಲ ಮುಳಶಿ ಕಡೆ ಒಂದು ಕೆಸರಿನ ಇಳಿಜಾರಿನಲ್ಲಿ ಬಟನ್ ಒತ್ತಿ ಬ್ರೇಕ್‌ನಿಂದ ಕಾಲು ತೆಗೆದೆ. ಕೆಳಗಿಂದ ಗರ್ರ್ ಗರ್ರ್ ಸದ್ದು. ಮುದುಕರು ಕೋಲು ಊರಿಕೊಂಡು ಮೆಟ್ಟಿಲಿಳಿದ ಹಾಗೆ ಇಳಿಯಿತು. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ಮೇಲಿನ ಹಿಡಿಕೆ ಬಿಡಲೇ ಇಲ್ಲ.

ನಮ್ಮೂರಿಗೂ ಇದಕ್ಕೂ ನಂಟಿದೆ. 2008ರಲ್ಲಿ ಟಾಟಾದವರು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಫೋರ್ಡ್‌ನಿಂದ 230 ಕೋಟಿ ಡಾಲರ್‌ಗೆ ಕೊಂಡರು. 2011ರಲ್ಲಿ ಇಂಗ್ಲೆಂಡಿನ ಹೇಲ್‌ವುಡ್‌ನಿಂದ ಬಿಡಿಭಾಗ ತರಿಸಿ ಪುಣೆಯಲ್ಲೇ ಫ್ರೀಲ್ಯಾಂಡರ್ 2 ಜೋಡಿಸಲು ಶುರು ಮಾಡಿದರು. ಭಾರತದಲ್ಲಿ ಜೋಡಿಸಿದ ಮೊದಲ ಲ್ಯಾಂಡ್ ರೋವರ್ ಇದೇ.

ಫ್ರೀಲ್ಯಾಂಡರ್‌ಗೆ ಮುಳುವಾಗಿದ್ದು ಅದರ ಮನೆಯವರೇ ಅಂತ ನನಗನಿಸುತ್ತದೆ. ಅದೇ 2011ರಲ್ಲಿ ಅದೇ ಹೇಲ್‌ವುಡ್ ಕಾರ್ಖಾನೆಯಿಂದ ಲ್ಯಾಂಡ್ ರೋವರ್‌ನದೇ ಇನ್ನೊಂದು ಗಾಡಿ ರೇಂಜ್ ರೋವರ್ ಇವೋಕ್ ಹೊರಬಂತು. ಶೋಕಿವಾಲಾ ತಮ್ಮ ಬಂದಮೇಲೆ ಸಾದಾ ಬಟ್ಟೆಯ ಅಣ್ಣನನ್ನು ಯಾರು ನೋಡುತ್ತಾರೆ, ಅಲ್ವಾ? ಆಮೇಲೆ ಕಂಪನಿ ತನ್ನ ಗಾಡಿಗಳನ್ನೆಲ್ಲ ರೇಂಜ್ ರೋವರ್, ಡಿಸ್ಕವರಿ, ಡಿಫೆಂಡರ್ ಅಂತ ಮೂರು ಮನೆ ಮಾಡಿತು. ಫ್ರೀಲ್ಯಾಂಡರ್‌ಗೆ ಯಾವುದರಲ್ಲೂ ಪಾಲು ಸಿಗಲಿಲ್ಲ. 2014ರಲ್ಲಿ ಅದರ ಜಾಗಕ್ಕೆ ಡಿಸ್ಕವರಿ ಸ್ಪೋರ್ಟ್ ಅನ್ನು ತೋರಿಸಿದರು.

ತಮಾಷೆ ಅಂದರೆ, ಬೇಡವಾದ ಆ ಹೆಸರನ್ನು 2024ರಲ್ಲಿ ಮತ್ತೆ ಹೊರತೆಗೆದರು. ಚೀನಾದಲ್ಲಿ ಚೆರಿ ಕಂಪನಿಯ ಜೊತೆ ಮಾಡುವ ಎಲೆಕ್ಟ್ರಿಕ್ ಗಾಡಿಗಳಿಗೆ ಫ್ರೀಲ್ಯಾಂಡರ್ ಅಂತ ಹೆಸರಿಡುತ್ತಾರಂತೆ.

ಇಷ್ಟೆಲ್ಲ ಉತ್ಸಾಹದಿಂದ ಹೇಳಿದೆ. ನೆಂಟರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. "ಅದಿರ್ಲಿ ಬಿಡ್ರಿ, ಮೈಲೇಜ್ ಎಷ್ಟ ಕೊಡ್ತೈತಿ?"