ಏಳು ವರ್ಷದ ಚಕ್ರವರ್ತಿಗೆ ಅಪ್ಪನೇ ವಿಷ ಹಾಕಿದನೆ?

ಐದನೇ ಶತಮಾನದ ಪೂರ್ವ ರೋಮನ್ ಸಾಮ್ರಾಜ್ಯದ ಬಾಲ ಚಕ್ರವರ್ತಿ ಎರಡನೆಯ ಲಿಯೋನ ಮಾತು ಬಂದಲ್ಲೆಲ್ಲ ಕೇಳಿಬರುವ ಪ್ರಶ್ನೆ ಇದು: ‘ಸಿಂಹಾಸನದ ಆಸೆಗೆ ಅಪ್ಪ ಝೀನೋ ಹೆತ್ತ ಮಗನನ್ನೇ ಮುಗಿಸಿದನಂತೆ, ನಿಜವೆ?’ ನನಗೆ ನಂಬಿಕೆ ಇಲ್ಲ. ಝೀನೋ ಸಾಧು ಎಂದಲ್ಲ, ಮಗ ಬದುಕಿದ್ದರೇ ಅವನಿಗೆ ಲಾಭ.

ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್) ಆಳುತ್ತಿದ್ದ ಒಂದನೆಯ ಲಿಯೋಗೆ ಗಂಡು ಸಂತಾನ ಉಳಿದಿರಲಿಲ್ಲ. ಅಳಿಯ ಝೀನೋ ದಂಡನಾಯಕನೇನೋ ಹೌದು, ಆದರೆ ಇಂದಿನ ಟರ್ಕಿಯ ದಕ್ಷಿಣದ ಇಸೌರಿಯಾ ಬೆಟ್ಟಸೀಮೆಯವನು. ಇಸೌರಿಯದವರೆಂದರೆ ರಾಜಧಾನಿಯ ಜನಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಮುದುಕ ಅಳಿಯನನ್ನು ಬಿಟ್ಟು, ಮಗಳು ಅರಿಯಾಡ್ನಿಗೆ 467ರಲ್ಲಿ ಹುಟ್ಟಿದ ಮೊಮ್ಮಗನನ್ನು ಆರಿಸಿಕೊಂಡ. ಮೊದಲು ಸೀಸರ್ ಪದವಿ; 473ರ ಕೊನೆಯ ಹೊತ್ತಿಗೆ ರಥಗಳ ಓಟದ ಮೈದಾನ ಹಿಪ್ಪೊಡ್ರೋಮ್‌ನಲ್ಲಿ ಜನರೆದುರು ಅಗಸ್ಟಸ್ ಕಿರೀಟ. ಈ ಎರಡನ್ನು ಒಂದೇ ಎಂದುಕೊಂಡರೆ ಮುಂದಿನದು ಅರ್ಥವಾಗುವುದಿಲ್ಲ. ಸೀಸರ್ ಎಂದರೆ ಹೆಚ್ಚುಕಡಿಮೆ ಯುವರಾಜ. ಅಗಸ್ಟಸ್ ಎಷ್ಟೇ ಕಿರಿಯನಾದರೂ ಚಕ್ರವರ್ತಿಯೇ: ಹಿರಿಯ ಸತ್ತ ಗಳಿಗೆಯಲ್ಲಿ ರಾಜ್ಯ ಅವನದು, ಇನ್ನೊಬ್ಬನನ್ನು ಅಗಸ್ಟಸ್ ಮಾಡುವ ಹಕ್ಕೂ ಅವನದು.

474ರ ಜನವರಿ 18ರಂದು ಅಜ್ಜ ಭೇದಿಯಿಂದ ತೀರಿಕೊಂಡ. ತಿಂಗಳೊಳಗೆ, ಸೆನೆಟ್ಟಿನ ಒಪ್ಪಿಗೆಯೊಂದಿಗೆ, ಮಗನೇ ಅಪ್ಪನಿಗೆ ಕಿರೀಟ ಇಟ್ಟ! ಆಡಳಿತವೆಲ್ಲ ಝೀನೋ ಕೈಯಲ್ಲಿ, ಹಿರಿತನ ಮಾತ್ರ ಹುಡುಗನದು. ಆ ವರ್ಷದ ಚಿನ್ನದ ನಾಣ್ಯ ಸಾಲಿಡಸ್ ನೋಡಿ. ಮುಮ್ಮುಖದಲ್ಲಿ ‘ಲಿಯೋ ಎಟ್ ಝೀನೋ’, ಅಂದರೆ ಲಿಯೋ ಮತ್ತು ಝೀನೋ. ಮಗನ ಹೆಸರು ಮೊದಲು. ಹಿಮ್ಮುಖದಲ್ಲಿ ಸಿಂಹಾಸನದ ಮೇಲೆ ಇಬ್ಬರು, ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು. ಅಜ್ಜ-ಮೊಮ್ಮಗರ ನಾಣ್ಯದಲ್ಲೂ ಇಂಥದೇ ಜೋಡಿ ಇದೆ. ಹಿಮ್ಮುಖ ಒಂದನ್ನೇ ನೋಡಿದವರು ಎಡವುವುದು ಇಲ್ಲೇ, ಹೆಸರನ್ನು ಓದಲೇಬೇಕು.

ನವೆಂಬರ್‌ನಲ್ಲಿ ಹುಡುಗ ಸತ್ತ. ಕಾಯಿಲೆ ಬಿದ್ದು ಸತ್ತ ಎನ್ನುತ್ತಾನೆ ಮುಂದಿನ ಶತಮಾನದ ಚರಿತ್ರೆಕಾರ ಮಲಾಲಸ್. ಝೀನೋಗೆ ಸಿಕ್ಕಿದ್ದೇನು? ಅಜ್ಜನ ರಕ್ತ ಹರಿಯುತ್ತಿದ್ದದ್ದು ಮಗನಲ್ಲಿ, ಅವನಲ್ಲಲ್ಲ. ಎರಡು ತಿಂಗಳೊಳಗೆ, 475ರ ಜನವರಿಯಲ್ಲಿ, ಅತ್ತೆ ವೆರಿನಾಳ ಪಿತೂರಿಗೆ ಹೆದರಿ ಇಸೌರಿಯಾಕ್ಕೆ ಓಡಿದ. ವೆರಿನಾಳ ಸೋದರ ಬಾಸಿಲಿಸ್ಕಸ್ ಪಟ್ಟಕ್ಕೇರಿದ. ಝೀನೋ ಮರಳಿದ್ದು 476ರ ಆಗಸ್ಟ್‌ನಲ್ಲಿ.

ಕೊಲೆಯ ಸಂಶಯಕ್ಕೆ ಬಾಲ ಹಚ್ಚಿದವನು ಆರನೇ ಶತಮಾನದ ಆಫ್ರಿಕಾದ ಬಿಷಪ್ ವಿಕ್ಟರ್. ಝೀನೋ ಕೊಲ್ಲಲು ಹವಣಿಸಿದಾಗ ಅರಿಯಾಡ್ನಿ ಮಗನಂತೆಯೇ ಕಾಣುವ ಇನ್ನೊಬ್ಬ ಹುಡುಗನನ್ನು ಒಪ್ಪಿಸಿದಳಂತೆ. ನಿಜವಾದ ಲಿಯೋ ಪಾದ್ರಿಯಾಗಿ ಜಸ್ಟಿನಿಯನ್ ಕಾಲದವರೆಗೂ ಬದುಕಿದ್ದನಂತೆ. ಜಸ್ಟಿನಿಯನ್ ಪಟ್ಟಕ್ಕೆ ಬಂದದ್ದು 527ರಲ್ಲಿ. ಆಗ ಲಿಯೋಗೆ ಅರವತ್ತು.