ನೀಡಲ್ಸ್‌ನಿಂದ ಶೆರ್ಬೂರ್‌ಗೆ

ಮೂರು ಬೇಸಿಗೆ ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ವೈಟ್ ದ್ವೀಪಕ್ಕೂ ನಡುವಿನ ಸೋಲೆಂಟ್ ಜಲಸಂಧಿಯಲ್ಲೇ ಹಾಯಿದೋಣಿಯಲ್ಲಿ ಸುತ್ತಿದ್ದಾಯಿತು. ಲಿಮಿಂಗ್ಟನ್‌ನಿಂದ ಎದುರಿನ ದ್ವೀಪದ ಯಾರ್ಮತ್‌ಗೆ ಹೋಗುವುದು, ಟೀ ಕುಡಿಯುವುದು, ವಾಪಸ್ ಬರುವುದು. ಈ ಸಲ ಇಂಗ್ಲಿಷ್ ಚಾನೆಲ್ ದಾಟಿಯೇ ಬಿಡೋಣ ಅಂತ ನಾನು, ನನ್ನವಳು ಹೊರಟೆವು. ಆ ದ್ವೀಪದ ಪಶ್ಚಿಮ ತುದಿಯ ನೀಡಲ್ಸ್ ಬಂಡೆಗಳಿಂದ ಫ್ರಾನ್ಸಿನ ಶೆರ್ಬೂರ್‌ಗೆ ಸುಮಾರು 60 ನಾಟಿಕಲ್ ಮೈಲಿ. ನಮ್ಮ ಹಳೇ ಹಾಯಿದೋಣಿ ಗಂಟೆಗೆ 5 ಮೈಲಿ ಓಡಿದರೆ ಅದೇ ಜಾಸ್ತಿ, ಅಂದರೆ ಸುಮಾರು 12 ಗಂಟೆ ದಾರಿ.

ಮಜಾ ಇರುವುದು ಲೆಕ್ಕದಲ್ಲಿ. ಇಲ್ಲಿ ಉಬ್ಬರವಿಳಿತದ ಸೆಳೆತ ಸುಮಾರು 6 ಗಂಟೆ ಪೂರ್ವಕ್ಕೆ, ಇನ್ನು 6 ಗಂಟೆ ಪಶ್ಚಿಮಕ್ಕೆ. ಜಿಪಿಎಸ್ ತೋರಿಸುವ ನೇರ ಗೆರೆ ಮೇಲೇ ಇರಬೇಕು ಅಂತ ಅದರ ಜೊತೆ ಗುದ್ದಾಡಿದರೆ ಸುಮ್ನೆ ಹೊತ್ತು ಹಾಳು. ಪೂರ್ವದ ಸೆಳೆತ, ಪಶ್ಚಿಮದ ಸೆಳೆತ ಎರಡನ್ನೂ ಕೂಡಿ ಕಳೆದು, ಒಂದೇ ದಿಕ್ಕು ಹಿಡಿದು ಹೋದರೆ, ದೋಣಿ ಮೊದಲು ಒಂದು ಕಡೆ ಜಾರಿ, ಆಮೇಲೆ ಇನ್ನೊಂದು ಕಡೆ ಜಾರಿ, ಹಾವಿನ ಹಾಗೆ ಬಳುಕಿ ಕೊನೆಗೆ ಸರಿಯಾದ ಜಾಗಕ್ಕೇ ಬರುತ್ತದೆ. ಅಷ್ಟು ದೂರ ಪಕ್ಕಕ್ಕೆ ಹೋದಾಗ ಕೈ ಕಟ್ಟಿ ಕೂರುವುದು ಸುಲಭ ಅಲ್ಲ, ಹೇಳಿಬಿಡ್ತೀನಿ.

ನಡುವೆ ದೊಡ್ಡ ಹಡಗುಗಳ ಸಾಲು. ಒಂದು ಕಂಟೇನರ್ ಹಡಗನ್ನು ಕೈ ದಿಕ್ಸೂಚಿಯಲ್ಲಿ ನೋಡಿದೆ, 240 ಡಿಗ್ರಿ. ಐದು ನಿಮಿಷ ಬಿಟ್ಟು ನೋಡಿದರೂ 240. ಹಡಗು ಮಾತ್ರ ದೊಡ್ಡದಾಗಿತ್ತು. ದಿಕ್ಕು ಬದಲಾಗದೆ ಹತ್ತಿರ ಬರ್ತಿದೆ ಅಂದರೆ ಡಿಕ್ಕಿಯ ದಾರಿ ಅಲ್ವಾ!

"ಹಾಯಿ ಸಡಿಲ ಮಾಡ್ರೀ!" ಅಂದಳು. ಮಾಡಿದೆ, ದೋಣಿ ನಿಧಾನವಾಯಿತು. ಹಡಗು ನಮ್ಮ ಮುಂದೆ ಹಾದುಹೋಯಿತು, ಅದರ ಅಲೆಗೆ ಚಿತ್ರಾನ್ನದ ಡಬ್ಬಿ ಉರುಳಿ ಕ್ಯಾಬಿನ್ ತುಂಬಾ ಕಡಲೆಬೀಜ. ಶೆರ್ಬೂರ್‌ನ ಉದ್ದನೆಯ ಕಲ್ಲಿನ ತಡೆಗೋಡೆ ಕಂಡಾಗಲೂ ಆರಿಸುತ್ತಲೇ ಇದ್ದೆ.